ಮದ್ರಾಸಿನಲ್ಲಿ ಕಂಡ ಸಿಲ್ವಿಯಾ: ಒಂದು ಕ್ಷುದ್ರಗ್ರಹದ ಹಾದಿ

ಎಲ್ಲರಿಗೂ ನಮಸ್ಕಾರ.

1866ರ ಮೇ 16. ಮದ್ರಾಸಿನ ನುಂಗಂಬಾಕ್ಕಂನಲ್ಲಿದ್ದ ಖಗೋಳ ವೀಕ್ಷಣಾಲಯದಲ್ಲಿ ನಾರ್ಮನ್ ರಾಬರ್ಟ್ ಪಾಗ್ಸನ್ ಎಂಬ ಖಗೋಳವಿಜ್ಞಾನಿ ದೂರದರ್ಶಕದಲ್ಲಿ ಒಂದು ಚುಕ್ಕಿಯನ್ನು ಗುರುತಿಸಿದರು. ಅದರ ಸುತ್ತಲೂ ಅಂಥವೇ ಹತ್ತಾರು ಚುಕ್ಕಿಗಳಿದ್ದವು. ಅವೆಲ್ಲ ನಕ್ಷತ್ರಗಳು. ಇದೊಂದು ಮಾತ್ರ ಸೂರ್ಯನನ್ನು ಸುತ್ತುತ್ತಿದ್ದ, ಅಲ್ಲಿಯವರೆಗೆ ಯಾರ ಲೆಕ್ಕಕ್ಕೂ ಸಿಗದಿದ್ದ ಕಾಯ. ಮುಂದೆ ಅದಕ್ಕೆ 87 ಎಂಬ ಕ್ರಮಸಂಖ್ಯೆಯೂ ಸಿಲ್ವಿಯಾ ಎಂಬ ಹೆಸರೂ ಬಂದವು. ಇವತ್ತು ನಾನು ಮಾತನಾಡುವುದು ಈ ಒಂದು ಕ್ಷುದ್ರಗ್ರಹದ ಬಗ್ಗೆ ಮಾತ್ರ.

ಈಗ ನಮಗೆ ತಿಳಿದಿರುವ ಕ್ಷುದ್ರಗ್ರಹಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿದೆ. ಅವುಗಳಲ್ಲಿ ಬಹುಪಾಲು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಮುಖ್ಯ ಪಟ್ಟಿಯಲ್ಲೇ ಇವೆ. ಅಷ್ಟರ ನಡುವೆ ಒಂದನ್ನೇ ಏಕೆ ಆರಿಸಿಕೊಂಡೆ ಎಂದು ನೀವು ಕೇಳಬಹುದು. ಪಾಗ್ಸನ್ ಅವರ ಕಾಲದಲ್ಲಿ ಇದರ ಬಗ್ಗೆ ಖಚಿತವಾಗಿ ತಿಳಿಯಬಹುದಾಗಿದ್ದದ್ದು ಒಂದೇ ಸಂಗತಿ: ಅದು ಸಾಗುವ ಹಾದಿ. ಅದರ ಗಾತ್ರ, ಆಕಾರ, ತೂಕ ಯಾವುದೂ ಕೈಗೆ ಸಿಗುವಂತಿರಲಿಲ್ಲ. ಮುಂದಿನ ಒಂದೂವರೆ ಶತಮಾನದಲ್ಲಿ ಹಾದಿಯೊಂದನ್ನೇ ಹಿಡಿದು ಹೋದವರು ಕೊನೆಗೆ ಆ ಕಾಯವನ್ನು ತೂಗಿದರು, ಅದರ ಒಡಲಲ್ಲಿ ಏನಿರಬಹುದು ಎಂಬುದನ್ನೂ ಊಹಿಸಿದರು. ನನಗೆ ಇದು ಖಗೋಳವಿಜ್ಞಾನದ ಅತ್ಯಂತ ಸುಂದರವಾದ ಕಥೆಗಳಲ್ಲಿ ಒಂದು.

ಕ್ಷುದ್ರಗ್ರಹ ಎಂಬ ಪದದ ಬಗ್ಗೆ ಒಂದು ಮಾತು. ಸಂಸ್ಕೃತದಲ್ಲಿ ಕ್ಷುದ್ರ ಎಂದರೆ ಚಿಕ್ಕದು ಎಂಬ ಅರ್ಥವೂ ಉಂಟು, ಪದ ಹುಟ್ಟಿದ್ದು ಆ ಅರ್ಥದಲ್ಲೇ. ಆದರೆ ಕನ್ನಡದಲ್ಲಿ ನಾವು ಕ್ಷುದ್ರ ಬುದ್ಧಿ, ಕ್ಷುದ್ರ ಶಕ್ತಿ ಎಂದೆಲ್ಲ ಹೇಳಿ ಹೇಳಿ ಆ ಪದಕ್ಕೆ ಒಂದು ಕೆಟ್ಟ ವಾಸನೆ ಹತ್ತಿಕೊಂಡಿದೆ. ಈ ಕಾಯಗಳಿಗೆ ಅದು ಸಲ್ಲದು. ಬಳಕೆಯಲ್ಲಿ ನಿಂತುಬಿಟ್ಟಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ಕೇಳುವಾಗ ಚಿಕ್ಕ ಗ್ರಹ ಎಂದಷ್ಟೇ ಅರ್ಥ ಮಾಡಿಕೊಳ್ಳಿ.

ಮೊದಲು ಆ ರಾತ್ರಿಯ ಕೆಲಸ ಎಂಥದು ಎಂಬುದನ್ನು ನೋಡೋಣ. ಛಾಯಾಚಿತ್ರದ ನೆರವಿನಿಂದ ಮೊದಲ ಕ್ಷುದ್ರಗ್ರಹವನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ ಪತ್ತೆ ಮಾಡಿದ್ದು 1891ರಲ್ಲಿ. ಪಾಗ್ಸನ್ ಮದ್ರಾಸಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಅಂದರೆ ಅವರ ಜೀವಮಾನದ ಹುಡುಕಾಟವೆಲ್ಲ ಕಣ್ಣನ್ನೇ ದೂರದರ್ಶಕಕ್ಕೆ ಆನಿಸಿ ಮಾಡಿದ್ದು. ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿಯ, ಆಸುಪಾಸಿನ ಆಕಾಶದ ಒಂದು ಚಿಕ್ಕ ತುಂಡನ್ನು ಆರಿಸಿಕೊಳ್ಳಬೇಕು. ಆ ತುಂಡಿನ ನಕ್ಷೆಯನ್ನು ಮುಂದಿಟ್ಟುಕೊಳ್ಳಬೇಕು. ದೂರದರ್ಶಕದಲ್ಲಿ ಕಾಣುವ ಒಂದೊಂದು ಚುಕ್ಕಿಯನ್ನೂ ನಕ್ಷೆಯ ಒಂದೊಂದು ಚುಕ್ಕಿಯೊಂದಿಗೆ ತಾಳೆ ನೋಡಬೇಕು. ನಕ್ಷೆಯಲ್ಲಿ ಇಲ್ಲದ ಚುಕ್ಕಿ ಕಂಡರೆ ಎರಡು ಸಾಧ್ಯತೆಗಳಿವೆ. ನಕ್ಷೆ ಮಾಡಿದವರು ಒಂದು ನಕ್ಷತ್ರವನ್ನು ಬಿಟ್ಟಿರಬಹುದು, ಅಥವಾ ಅದು ಹೊಸ ಕಾಯವಿರಬಹುದು. ಎರಡರಲ್ಲಿ ಯಾವುದು ಎಂದು ತಿಳಿಯಲು ಕಾಯದೆ ದಾರಿಯಿಲ್ಲ. ಕೆಲವು ಗಂಟೆಗಳ ಮೇಲೆ, ಇಲ್ಲವೇ ಮರುದಿನ ರಾತ್ರಿ ಮತ್ತೆ ನೋಡಬೇಕು. ಚುಕ್ಕಿ ಜರುಗಿದ್ದರೆ ಅದು ನಕ್ಷತ್ರವಲ್ಲ.

ಎಷ್ಟು ಜರುಗುತ್ತದೆ? ಸಿಲ್ವಿಯಾ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ ಇರುವಾಗಿನ ಲೆಕ್ಕ ಹಾಕೋಣ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಸಿಲ್ವಿಯಾ ಸುಮಾರು 16 ಕಿಲೋಮೀಟರ್ ವೇಗದಲ್ಲಿ. ಭೂಮಿ ಅದನ್ನು ಒಳಸುತ್ತಿನಿಂದ ಹಿಂದೆ ಹಾಕುತ್ತಿರುವುದರಿಂದ, ನಕ್ಷತ್ರಗಳ ಹಿನ್ನೆಲೆಯಲ್ಲಿ ಅದು ಪಶ್ಚಿಮಕ್ಕೆ ಹಿಮ್ಮೆಟ್ಟಿದಂತೆ ಕಾಣುತ್ತದೆ. ಪಂಚಾಂಗದವರು ವಕ್ರಗತಿ ಎನ್ನುವುದು ಇದನ್ನೇ. ದಿನವೊಂದಕ್ಕೆ ಈ ಜರುಗಾಟ ಚಂದ್ರಬಿಂಬದ ಅಗಲದ ಸುಮಾರು ಮೂರನೇ ಒಂದು ಭಾಗ. ಓದುವಾಗ ಇದು ದೊಡ್ಡದೆನಿಸಬಹುದು. ಒಂದೇ ಗಂಟೆಯಲ್ಲಿ ಎಷ್ಟಾಯಿತು ಎಂದರೆ ಚಂದ್ರಬಿಂಬದ ಸುಮಾರು ಎಪ್ಪತ್ತರಲ್ಲಿ ಒಂದು ಪಾಲು, ಅಷ್ಟೇ. ಅಷ್ಟು ಸಣ್ಣ ಸರಿದಾಟವನ್ನು ಕಣ್ಣಿನ ಅಂದಾಜಿನಲ್ಲಿ ಹಿಡಿಯುವುದು ಪಳಗಿದವರಿಗೂ ಕಷ್ಟ.

ಚುಕ್ಕಿಯ ಮಂಕುತನ ಇನ್ನೊಂದು ಕಷ್ಟ. ಇಲ್ಲಿ ಒಂದು ಚೆಂದದ ಕಾಕತಾಳೀಯವಿದೆ. ನಕ್ಷತ್ರಗಳ ಹೊಳಪನ್ನು ಅಳೆಯಲು ಇಂದು ಜಗತ್ತಿನಾದ್ಯಂತ ಬಳಸುವ ಅಳತೆಗೋಲನ್ನು ಕೊಟ್ಟವರು ಇದೇ ಪಾಗ್ಸನ್. ಹೊಳಪನ್ನು ದರ್ಜೆಗಳಲ್ಲಿ ಎಣಿಸುತ್ತಾರೆ, ದರ್ಜೆಯ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. 1856ರಲ್ಲಿ, ಇನ್ನೂ ಇಂಗ್ಲೆಂಡಿನಲ್ಲಿ ಇದ್ದಾಗ, ಅವರು ಒಂದು ಸಲಹೆ ಮುಂದಿಟ್ಟರು. ಐದು ದರ್ಜೆಗಳ ವ್ಯತ್ಯಾಸವೆಂದರೆ ಹೊಳಪಿನಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸ ಎಂದಿಟ್ಟುಕೊಳ್ಳೋಣ, ಆಗ ಒಂದು ದರ್ಜೆಗೆ 2.512 ಪಟ್ಟು ಆಗುತ್ತದೆ ಎಂದರು. ಕತ್ತಲು ಚೆನ್ನಾಗಿರುವ ಕಡೆ ನಮ್ಮ ಬರಿಗಣ್ಣಿಗೆ ಆರನೇ ದರ್ಜೆಯವರೆಗಿನ ನಕ್ಷತ್ರಗಳು ಕಾಣುತ್ತವೆ. ಸಿಲ್ವಿಯಾ ನಮಗೆ ಅನುಕೂಲವಾಗಿ ಇರುವಾಗಲೂ ಅದರ ಹೊಳಪು ಹನ್ನೊಂದೂವರೆ ದರ್ಜೆಯ ಆಸುಪಾಸು. ಅವರದೇ ಅಳತೆಗೋಲಿನ ಪ್ರಕಾರ, ಬರಿಗಣ್ಣಿಗೆ ಕಾಣುವ ಅತಿ ಮಂಕಾದ ನಕ್ಷತ್ರಕ್ಕಿಂತ ಅದು ನೂರೈವತ್ತು ಪಟ್ಟಿಗೂ ಹೆಚ್ಚು ಮಂಕು.

ಪಾಗ್ಸನ್ ಮದ್ರಾಸಿಗೆ ಸರ್ಕಾರಿ ಖಗೋಳವಿಜ್ಞಾನಿಯಾಗಿ ಬಂದದ್ದು 1861ರಲ್ಲಿ. ಆ ವೀಕ್ಷಣಾಲಯದ ಬೇರು 1786ರಷ್ಟು ಹಳೆಯದು. ವಿಲಿಯಂ ಪೆಟ್ರಿ ಎಂಬುವರು ಖಾಸಗಿಯಾಗಿ ಆರಂಭಿಸಿದ್ದನ್ನು ಆಮೇಲೆ ಈಸ್ಟ್ ಇಂಡಿಯಾ ಕಂಪನಿ ವಹಿಸಿಕೊಂಡಿತು, 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡವೆದ್ದಿತು. ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ತನ್ನ ಮೂಲವನ್ನು ಈ ವೀಕ್ಷಣಾಲಯದಲ್ಲೇ ಕಾಣುತ್ತದೆ. ಬಂದ ವರ್ಷವೇ, ಏಪ್ರಿಲ್ 17ರಂದು, ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು ಅದು, ಹೀಗಾಗಿ ಅದರ ಹೆಸರೇ ಏಷ್ಯಾ. 1864ರಲ್ಲಿ ಸ್ಯಾಫೋ, ಅದಾದ ಮೇಲೆ ನಮ್ಮ ಸಿಲ್ವಿಯಾ, 1868ರಲ್ಲಿ ಕಮಿಲಾ, 1885ರಲ್ಲಿ ವೆರಾ. ವೆರಾ ಆದ ಮೇಲೆ ಭಾರತದ ನೆಲದಿಂದ ಇನ್ನೊಂದು ಕ್ಷುದ್ರಗ್ರಹ ಸಿಗಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1988ರ ಫೆಬ್ರವರಿಯಲ್ಲಿ ತಮಿಳುನಾಡಿನ ಕವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ ಅವರು ಪತ್ತೆ ಮಾಡಿದ ಆ ಕಾಯಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ.

ಮದ್ರಾಸಿನಲ್ಲಿ ಪಾಗ್ಸನ್ ಒಬ್ಬರೇ ದುಡಿಯುತ್ತಿರಲಿಲ್ಲ. ಚಿಂತಾಮಣಿ ರಘುನಾಥಾಚಾರಿ ಅವರು ಅಲ್ಲಿ ಸಹಾಯಕರಾಗಿದ್ದರು. ಸಿಲ್ವಿಯಾ ಸಿಕ್ಕ ಮರುವರ್ಷ, 1867ರಲ್ಲಿ, ದಕ್ಷಿಣಾಕಾಶದ ರೆಟಿಕ್ಯುಲಮ್ ನಕ್ಷತ್ರಪುಂಜದಲ್ಲಿ ಹೊಳಪು ಬದಲಾಗುವ ಒಂದು ನಕ್ಷತ್ರವನ್ನು ಗುರುತಿಸಿದವರು ಅವರು. ಪಾಗ್ಸನ್ ಅವರ ಮಗಳು ಐಸಿಸ್ ಕೂಡ ಮುಂದೆ ಅದೇ ವೀಕ್ಷಣಾಲಯದಲ್ಲಿ ಸಹಾಯಕಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಆ ಕಾಲದ ಪ್ರಸಿದ್ಧಿಯೆಲ್ಲ ಒಬ್ಬರ ಹೆಸರಿನ ಮೇಲೆ ಬಂದು ನಿಂತಿದೆ. ಈ ಇಬ್ಬರ ಹೆಸರನ್ನೂ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು.

ಚುಕ್ಕಿ ಕಂಡಿತು, ಜರುಗಿತು. ಅಷ್ಟಕ್ಕೇ ಅದನ್ನು ಕಂಡುಹಿಡಿದಂತಾಯಿತೇ? ಆಗಲಿಲ್ಲ. ಕೆಲವು ವಾರಗಳಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗುತ್ತದೆ. ತಿಂಗಳುಗಳ ನಂತರ ಆಚೆ ಬಂದಾಗ ಎಲ್ಲಿ ಹುಡುಕಬೇಕೆಂದು ತಿಳಿಯದಿದ್ದರೆ ಅದು ಕಳೆದುಹೋದಂತೆಯೇ ಸರಿ. 1801ರ ಜನವರಿ 1ರಂದು ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಕಂಡ ಮೊದಲ ಕ್ಷುದ್ರಗ್ರಹ ಸೆರೆಸ್‌ಗೆ ಆದದ್ದು ಅದೇ. ಅದನ್ನು ಮತ್ತೆ ದೊರಕಿಸಿಕೊಟ್ಟದ್ದು ಇಪ್ಪತ್ತನಾಲ್ಕು ವರ್ಷದ ಗಾಸ್ ಎಂಬ ಗಣಿತಜ್ಞನ ಲೆಕ್ಕ. ಬೇರೆ ಬೇರೆ ರಾತ್ರಿಗಳ ಮೂರು ಸ್ಥಾನಗಳು ಕೈಯಲ್ಲಿದ್ದರೆ ಸಾಕು, ಕಾಯದ ಇಡೀ ಹಾದಿಯನ್ನು ಬಿಡಿಸಬಹುದು ಎಂದು ಅವನು ತೋರಿಸಿಕೊಟ್ಟ. ಲೆಕ್ಕ ಹೇಳಿದ ಜಾಗದ ಹತ್ತಿರವೇ ಸೆರೆಸ್ ಮತ್ತೆ ಕಂಡಿತು. ಅಂದಿನಿಂದ ಇಂದಿನವರೆಗೂ ಪದ್ಧತಿ ಅದೇ. ಕಾಯದ ಕಕ್ಷೆ ಗಟ್ಟಿಯಾದ ಮೇಲೆಯೇ ಅದಕ್ಕೆ ಕ್ರಮಸಂಖ್ಯೆ ಸಿಗುತ್ತದೆ.

ಈಗ ಸಿಲ್ವಿಯಾದ ಕಕ್ಷೆಯನ್ನು ನಾವೇ ಬರೆಯೋಣ. ಮನೆಗೆ ಹೋದ ಮೇಲೆ ನೀವೂ ಮಾಡಿ ನೋಡಿ. ಒಂದು ರಟ್ಟಿನ ಮೇಲೆ ಕಾಗದ ಹಾಸಿ. 18 ಮಿಲಿಮೀಟರ್ ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ. 20 ಸೆಂಟಿಮೀಟರ್ ಉದ್ದದ ದಾರದ ಎರಡು ತುದಿಗಳನ್ನು ಆ ಸೂಜಿಗಳಿಗೆ ಕಟ್ಟಿ, ಪೆನ್ಸಿಲಿನ ಮೊನೆಯಿಂದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಸುತ್ತಲೂ ಗೆರೆ ಎಳೆಯಿರಿ. ಸಿಕ್ಕಿದ್ದು ದೀರ್ಘವೃತ್ತ. ಒಂದು ಸೂಜಿ ಇರುವ ಜಾಗವೇ ಸೂರ್ಯ. ಇನ್ನೊಂದು ಸೂಜಿಯ ಜಾಗದಲ್ಲಿ ಏನೂ ಇಲ್ಲ.

ಈ ಚಿತ್ರವನ್ನು ನೋಡಿದವರಿಗೆ ಮೊದಲು ಅನುಮಾನವೇ ಬರುತ್ತದೆ, ಇದು ವೃತ್ತದ ಹಾಗೇ ಇದೆಯಲ್ಲ ಎಂದು. ಹೌದು. ಉದ್ದದ ಕಡೆ ನಡುವಿನಿಂದ ಅಂಚಿಗೆ 10 ಸೆಂಟಿಮೀಟರ್ ಇದ್ದರೆ, ಅಗಲದ ಕಡೆ ಅದು ಕಡಿಮೆಯಾಗುವುದು 0.4 ಮಿಲಿಮೀಟರಿನಷ್ಟು. ನಿಮ್ಮ ಪೆನ್ಸಿಲಿನ ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಆದರೆ ಸೂರ್ಯ ನಡುಮಧ್ಯದಿಂದ 9 ಮಿಲಿಮೀಟರ್ ಪಕ್ಕಕ್ಕೆ ಕುಳಿತಿರುವುದು ಕಣ್ಣಿಗೆ ಹೊಡೆದು ಕಾಣುತ್ತದೆ. ಉತ್ಕೇಂದ್ರತೆ ಎಂಬ ಪದವನ್ನು ಪಠ್ಯಪುಸ್ತಕಗಳು ಬಹಳ ಸಲ ಮೊಟ್ಟೆಯಂತೆ ಚಪ್ಪಟೆಯಾದ ಚಿತ್ರದೊಂದಿಗೆ ವಿವರಿಸುತ್ತವೆ. ಅದರಿಂದ ತಪ್ಪು ಕಲ್ಪನೆ ಬೇರೂರುತ್ತದೆ ಎಂದು ನನ್ನ ಬಲವಾದ ಅನಿಸಿಕೆ. ಪದವೇ ಹೇಳುವಂತೆ ಅದು ಸೂರ್ಯ ಕೇಂದ್ರದಿಂದ ಎಷ್ಟು ಆಚೆಗಿದ್ದಾನೆ ಎಂಬುದರ ಅಳತೆ. ಸಿಲ್ವಿಯಾದ್ದು ಸುಮಾರು 0.09. ಅದರಿಂದಲೇ ಅದು ಪುರರವಿಯಲ್ಲಿ, ಅಂದರೆ ಸೂರ್ಯನಿಗೆ ಅತಿ ಹತ್ತಿರ ಬಂದಾಗ, ಸುಮಾರು 3.2 ಖಗೋಳಮಾನ ದೂರದಲ್ಲಿರುತ್ತದೆ. ಅಪರವಿಯಲ್ಲಿ ಸುಮಾರು 3.8. ಖಗೋಳಮಾನವೆಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಹತ್ತಿರ ಹತ್ತಿರ 15 ಕೋಟಿ ಕಿಲೋಮೀಟರ್.

ಅದೇ ಕಾಗದದ ಮೇಲೆ ಸೂರ್ಯನ ಸುತ್ತ ಭೂಮಿಯ ಕಕ್ಷೆಯನ್ನೂ ಬರೆಯಿರಿ, ತ್ರಿಜ್ಯ 2.9 ಸೆಂಟಿಮೀಟರ್. ಗುರುಗ್ರಹದ್ದು 15 ಸೆಂಟಿಮೀಟರ್. ಆಗ ಸಿಲ್ವಿಯಾ ಎಷ್ಟು ಹೊರಗಿದೆ ಎಂಬುದು ಅರ್ಥವಾಗುತ್ತದೆ. ಅದಿರುವುದು ಮುಖ್ಯ ಪಟ್ಟಿಯ ಹೊರಅಂಚಿನಲ್ಲಿ.

ಇನ್ನೊಂದು ಅಳತೆ ಕಾಗದದ ಮೇಲೆ ಬರೆಯಲು ಬರುವುದಿಲ್ಲ, ಕಾಗದವನ್ನೇ ಎತ್ತಬೇಕು. ಭೂಮಿಯ ಕಕ್ಷೆ ಮೇಜಿನ ಮೇಲಿದ್ದರೆ ಸಿಲ್ವಿಯಾದ ಕಕ್ಷೆ ಅದಕ್ಕೆ ಸುಮಾರು 11 ಡಿಗ್ರಿ ಓರೆ. ನಮ್ಮ 10 ಸೆಂಟಿಮೀಟರ್ ಚಿತ್ರದಲ್ಲಿ ಒಂದು ಅಂಚು ಮೇಜಿನಿಂದ ಸುಮಾರು 2 ಸೆಂಟಿಮೀಟರ್ ಮೇಲೇಳುತ್ತದೆ, ಎದುರಿನ ಅಂಚು ಅಷ್ಟೇ ಕೆಳಗಿಳಿಯುತ್ತದೆ. ನಿಜದ ಅಳತೆಯಲ್ಲಿ ಅದು ಹತ್ತಿರ ಹತ್ತಿರ 10 ಕೋಟಿ ಕಿಲೋಮೀಟರ್. ಎರಡು ಕಕ್ಷೆಗಳ ತಲಗಳು ಒಂದನ್ನೊಂದು ಕತ್ತರಿಸುವ ಗೆರೆಯ ಎರಡು ತುದಿಗಳಿಗೆ ಪಾತ ಬಿಂದುಗಳು ಎಂದು ಹೆಸರು. ಚಂದ್ರನ ಕಕ್ಷೆಯ ಅಂಥ ಎರಡು ಬಿಂದುಗಳನ್ನು ನಮ್ಮವರು ರಾಹು, ಕೇತು ಎಂದು ಕರೆದರು. ಆ ಅರ್ಥದಲ್ಲಿ ಪ್ರತಿಯೊಂದು ಕ್ಷುದ್ರಗ್ರಹಕ್ಕೂ ಅದರದೇ ರಾಹು ಕೇತುಗಳಿವೆ. ಕಕ್ಷೆ ಎಷ್ಟು ದೊಡ್ಡದು, ಸೂರ್ಯ ಎಷ್ಟು ಪಕ್ಕದಲ್ಲಿದ್ದಾನೆ, ಎಷ್ಟು ಓರೆ, ಪಾತದ ಗೆರೆ ಯಾವ ದಿಕ್ಕಿಗಿದೆ, ಪುರರವಿ ಯಾವ ಕಡೆಗಿದೆ, ಒಂದು ಗೊತ್ತಾದ ದಿನ ಕಾಯ ಎಲ್ಲಿತ್ತು. ಈ ಆರು ಸಂಖ್ಯೆಗಳು ಸಿಕ್ಕರೆ ಕಕ್ಷೆ ಪೂರ್ತಿಯಾಯಿತು.

ಸುತ್ತು ಹಾಕಲು ಬೇಕಾದ ಕಾಲಕ್ಕೆ ಬೇರೆ ಸಂಖ್ಯೆ ಬೇಡ, ಕೆಪ್ಲರ್‌ನ ಮೂರನೇ ನಿಯಮ ಸಾಕು: ವರ್ಷಗಳಲ್ಲಿ ಹೇಳಿದ ಕಾಲದ ವರ್ಗ, ಖಗೋಳಮಾನದಲ್ಲಿ ಹೇಳಿದ ಸರಾಸರಿ ದೂರದ ಘನಕ್ಕೆ ಸಮ. ಸರಾಸರಿ ದೂರ 3.48 ಖಗೋಳಮಾನ. ಅದನ್ನು ಅದರಿಂದಲೇ ಮೂರು ಬಾರಿ ಗುಣಿಸಿದರೆ 42ಕ್ಕೆ ಹತ್ತಿರ. 42ರ ವರ್ಗಮೂಲ ಸುಮಾರು 6.5. ಅಂದರೆ ಸಿಲ್ವಿಯಾದ ಒಂದು ವರ್ಷವೆಂದರೆ ನಮ್ಮ ಆರೂವರೆ ವರ್ಷ.

ಈ ಆರೂವರೆ ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲಬೇಕು. ಸಿಲ್ವಿಯಾ ಕಂಡ ವರ್ಷವೇ, 1866ರಲ್ಲಿ, ಅಮೆರಿಕದ ಡೇನಿಯಲ್ ಕರ್ಕ್‌ವುಡ್ ಆಗ ತಿಳಿದಿದ್ದ ಕ್ಷುದ್ರಗ್ರಹಗಳ ಕಕ್ಷೆಗಳನ್ನು ದೂರದ ಅನುಕ್ರಮದಲ್ಲಿ ಜೋಡಿಸಿ ನೋಡಿದರು. ಒಟ್ಟು ಸಂಖ್ಯೆ ಇನ್ನೂ ನೂರನ್ನು ಮುಟ್ಟಿರಲಿಲ್ಲ. ಅಷ್ಟರಲ್ಲೇ ಅವರ ಕಣ್ಣಿಗೆ ಬಿದ್ದದ್ದು ಖಾಲಿ ಜಾಗಗಳು. ಗುರುಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೂರು ಸುತ್ತು ಹಾಕುವ ದೂರದಲ್ಲಿ, ಎರಡು ಸುತ್ತು ಹಾಕುವ ದೂರದಲ್ಲಿ, ಇಂಥ ಸರಳ ಅನುಪಾತಗಳ ಕಡೆಗಳಲ್ಲಿ ಕ್ಷುದ್ರಗ್ರಹಗಳು ಇರಲೇ ಇಲ್ಲ. ಗುರುವಿನ ಒಂದು ಸುತ್ತಿಗೆ 11.86 ವರ್ಷ. ಅದರ ಅರ್ಧ, 5.93 ವರ್ಷಕ್ಕೊಮ್ಮೆ ಸುತ್ತುವ ಒಂದು ಕಾಯವನ್ನು ಊಹಿಸಿಕೊಳ್ಳಿ. ಅದು ಗುರುವಿನ ಪಕ್ಕಕ್ಕೆ ಬರುವುದು 11.86 ವರ್ಷಕ್ಕೊಮ್ಮೆ, ಪ್ರತಿ ಸಲವೂ ತನ್ನ ಕಕ್ಷೆಯ ಅದೇ ಜಾಗದಲ್ಲಿ. ಗುರುವಿನ ಸೆಳೆತ ಪ್ರತಿ ಸಲ ಅದೇ ಕಡೆಗೆ ಬೀಳುತ್ತದೆ. ಲಕ್ಷಾಂತರ ವರ್ಷ ಹೀಗೆ ಒಂದರ ಮೇಲೊಂದು ಕೂಡುತ್ತ ಹೋದರೆ ಕಕ್ಷೆ ಹದಗೆಡುತ್ತದೆ, ಕಾಯ ಅಲ್ಲಿ ಉಳಿಯುವುದಿಲ್ಲ.

ಸಿಲ್ವಿಯಾ ಇರುವುದು ಈ ಖಾಲಿ ಜಾಗದ ಆಚೆ ದಡದಲ್ಲಿ. 5.93ಕ್ಕೂ 6.5ಕ್ಕೂ ವ್ಯತ್ಯಾಸ ಅಷ್ಟೇನೂ ಇಲ್ಲ ಎನಿಸುತ್ತದೆ, ಆದರೆ ಎಲ್ಲವೂ ಬದಲಾಗುವುದು ಅದರಿಂದಲೇ. ಸಿಲ್ವಿಯಾ ಗುರುವನ್ನು ಹಿಂದೆ ಹಾಕುವುದು 14 ವರ್ಷಕ್ಕೂ ತುಸು ಹೆಚ್ಚು ಕಾಲಕ್ಕೊಮ್ಮೆ. ಪ್ರತಿ ಸಲ ಈ ಭೇಟಿಯ ಜಾಗ ಸುಮಾರು 75 ಡಿಗ್ರಿ ಮುಂದಕ್ಕೆ ಹೋಗಿರುತ್ತದೆ. ಗುರುವಿನ ಎಳೆತ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹಂಚಿಹೋಗಿ, ಒಂದೇ ಕಡೆ ಜಮೆಯಾಗುವುದು ತಪ್ಪುತ್ತದೆ. ಈ ಪ್ರದೇಶದಲ್ಲಿ ಇರುವವುಗಳನ್ನೆಲ್ಲ, 1861ರಲ್ಲಿ ಸಿಕ್ಕ 65 ಸಿಬಿಲೆಯ ಹೆಸರಿನಲ್ಲಿ, ಸಿಬಿಲೆ ಗುಂಪು ಎಂದು ಕರೆಯುತ್ತಾರೆ. ಸಿಲ್ವಿಯಾ ಅದರ ದೊಡ್ಡ ಸದಸ್ಯರಲ್ಲೊಂದು.

ಇಷ್ಟು ಹೊತ್ತು ಮಾತಾಡಿದರೂ ಅದು ಎಷ್ಟು ದಪ್ಪ, ಎಷ್ಟು ಭಾರ ಎಂದು ನಾನಿನ್ನೂ ಹೇಳಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಗಟ್ಟಿಯಾಗಿ ಹೇಳಬಲ್ಲವರೂ ಇರಲಿಲ್ಲ. ಬೆಳಕು ಏರಿಳಿಯುವುದನ್ನು ನೋಡಿ, ಅದು 5 ಗಂಟೆ 11 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ, ಗುಂಡಗಿಲ್ಲದೆ ಉದ್ದಕ್ಕಿದೆ ಎಂದು ತಿಳಿಯಿತು. ಮೇಲ್ಮೈ ತುಂಬ ಕಪ್ಪು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದರಷ್ಟನ್ನೂ ಅದು ಹಿಂದಿರುಗಿಸುವುದು ಕಷ್ಟ. ತೂಕದ ಪ್ರಶ್ನೆ ಹಾಗೇ ಉಳಿಯಿತು. ಒಂದು ಕಾಯವನ್ನು ತೂಗಬೇಕಾದರೆ ಅದರ ಸೆಳೆತಕ್ಕೆ ಸಿಕ್ಕ ಇನ್ನೊಂದು ಕಾಯ ಬೇಕು.

ಆ ಇನ್ನೊಂದು ಸಿಕ್ಕಿದ್ದು 2001ರ ಫೆಬ್ರವರಿ 18ರಂದು. ಹವಾಯಿಯ ಮೌನಾ ಕಿಯಾ ಶಿಖರದ ಮೇಲಿರುವ ಕೆಕ್ ದೂರದರ್ಶಕದಿಂದ ಮೈಕೆಲ್ ಬ್ರೌನ್ ಮತ್ತು ಜಾನ್ ಲುಕ್ ಮಾರ್ಗೊ ಅವರು ಸಿಲ್ವಿಯಾದ ಪಕ್ಕದಲ್ಲಿ ಒಂದು ಮಂಕು ಚುಕ್ಕಿಯನ್ನು ಕಂಡರು. ವಾತಾವರಣದ ಅಲುಗಾಟವನ್ನು ಕ್ಷಣಕ್ಷಣಕ್ಕೂ ಸರಿಪಡಿಸಿಕೊಳ್ಳುವ ಕನ್ನಡಿ ಇಲ್ಲದಿದ್ದರೆ ಅದು ಕಾಣುವಂತಿರಲಿಲ್ಲ. ಎರಡು ಚುಕ್ಕಿಗಳ ನಡುವಿನ ಅಂತರ ಒಂದು ಡಿಗ್ರಿಯ 3,600ನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೂರು ವರ್ಷಗಳ ನಂತರ, ಚಿಲಿಯಲ್ಲಿರುವ ಯುರೋಪಿನ ಬೃಹತ್ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಫ್ರಾಂಕ್ ಮಾರ್ಶಿ ಮತ್ತು ಅವರ ಸಂಗಡಿಗರಿಗೆ ಇನ್ನೂ ಚಿಕ್ಕದಾದ, ಇನ್ನೂ ಹತ್ತಿರದ ಮತ್ತೊಂದು ಚಂದ್ರ ಸಿಕ್ಕಿತು. 2005ರ ಆಗಸ್ಟ್‌ನಲ್ಲಿ ಅದನ್ನು ಪ್ರಕಟಿಸಿದಾಗ, ಎರಡು ಚಂದ್ರರಿರುವ ಮೊದಲ ಕ್ಷುದ್ರಗ್ರಹ ಎಂಬ ಸ್ಥಾನ ಸಿಲ್ವಿಯಾಗೆ ಬಂತು.

ಪಾಗ್ಸನ್ ಇಟ್ಟ ಹೆಸರು ರೋಮನ್ನರ ಪುರಾಣದ ರಿಯಾ ಸಿಲ್ವಿಯಾಳದು. ರೋಮ್ ನಗರ ಕಟ್ಟಿದರೆಂದು ಹೇಳುವ ರೊಮ್ಯುಲಸ್ ಮತ್ತು ರೀಮಸ್ ಎಂಬ ಅವಳಿಗಳ ತಾಯಿ ಅವಳು. ತಾಯಿಯ ಹೆಸರು ಬಂದು 139 ವರ್ಷಗಳಾದ ಮೇಲೆ ಎರಡು ಮಕ್ಕಳ ಹೆಸರೂ ಕೂಡಿಕೊಂಡವು. ಹೊರಗಿನ, ದೊಡ್ಡ ಚಂದ್ರ ರೊಮ್ಯುಲಸ್, ಒಳಗಿನದು ರೀಮಸ್. ಹೆಸರಿಡುವಾಗ ಪಾಗ್ಸನ್ ಅವರಿಗೆ ಇದರ ಸುಳಿವು ಇರಲು ಸಾಧ್ಯವೇ ಇರಲಿಲ್ಲ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಈಗ ತಕ್ಕಡಿ ಹಿಡಿಯೋಣ. ರೊಮ್ಯುಲಸ್ ಸುಮಾರು 1,357 ಕಿಲೋಮೀಟರ್ ದೂರದಲ್ಲಿ 3.65 ದಿನಕ್ಕೊಮ್ಮೆ ಸಿಲ್ವಿಯಾವನ್ನು ಸುತ್ತುತ್ತದೆ. ರೀಮಸ್ ಸುಮಾರು 706 ಕಿಲೋಮೀಟರ್ ದೂರದಲ್ಲಿ 1.38 ದಿನಕ್ಕೊಮ್ಮೆ. ಮೊದಲು ಕೆಪ್ಲರ್ ಇಲ್ಲಿಯೂ ಸಲ್ಲುತ್ತಾನೆಯೇ ಎಂದು ಪರೀಕ್ಷಿಸಿ. ದೂರಗಳ ಅನುಪಾತ 1.92, ಅದರ ಘನ 7.1. ಕಾಲಗಳ ಅನುಪಾತ 2.64, ಅದರ ವರ್ಗ 7.0. ಸೂರ್ಯನ ಸುತ್ತ ಗ್ರಹಗಳನ್ನು ನೋಡಿ ಬರೆದ ನಿಯಮ, ಕೆಲವೇ ನೂರು ಕಿಲೋಮೀಟರ್ ಅಡ್ಡಗಲದ ಒಂದು ಕಪ್ಪು ಕಲ್ಲಿನ ಸುತ್ತಲೂ ಹಾಗೇ ನಡೆಯುತ್ತಿದೆ. ನ್ಯೂಟನ್ನನ ಗುರುತ್ವದ ನಿಯಮವನ್ನು ಇದಕ್ಕೆ ಸೇರಿಸಿದರೆ ನಡುವಿನ ಕಾಯದ ದ್ರವ್ಯರಾಶಿ ಹೊರಬೀಳುತ್ತದೆ. ಎರಡು ಚಂದ್ರರನ್ನೂ ಬೇರೆ ಬೇರೆಯಾಗಿ ಹಿಡಿದು ಲೆಕ್ಕ ಹಾಕಿದರೂ ಹತ್ತಿರ ಹತ್ತಿರ ಅದೇ ಉತ್ತರ ಬರುತ್ತದೆ: 148ರ ಮುಂದೆ 17 ಸೊನ್ನೆಗಳಷ್ಟು ಕಿಲೋಗ್ರಾಂ. ನಮ್ಮ ಚಂದ್ರನಿಗೆ ಸಮವಾಗಲು ಇಂಥ ಸುಮಾರು 5,000 ಸಿಲ್ವಿಯಾಗಳು ಬೇಕು.

ತೂಕ ಸಿಕ್ಕ ಮೇಲೆ ಗಾತ್ರದಿಂದ ಭಾಗಿಸಬೇಕು. ಗಾತ್ರವನ್ನು ಅಳೆಯುವ ಒಂದು ವಿಧಾನ ನನಗೆ ಬಹಳ ಪ್ರಿಯ, ಏಕೆಂದರೆ ಅದರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಸಿಲ್ವಿಯಾ ತನ್ನ ಹಾದಿಯಲ್ಲಿ ಆಗೊಮ್ಮೆ ಈಗೊಮ್ಮೆ ದೂರದ ನಕ್ಷತ್ರವೊಂದಕ್ಕೆ ಅಡ್ಡ ಬರುತ್ತದೆ. ಆಗ ಅದರ ನೆರಳು ಭೂಮಿಯ ಮೇಲೆ ಒಂದು ಪಟ್ಟಿಯಾಗಿ ಓಡುತ್ತದೆ. ಆ ಪಟ್ಟಿಯಲ್ಲಿ ನಿಂತು, ನಕ್ಷತ್ರ ಯಾವ ಕ್ಷಣದಲ್ಲಿ ಆರಿತು, ಯಾವ ಕ್ಷಣದಲ್ಲಿ ಮತ್ತೆ ಬೆಳಗಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ನೆರಳು ಸೆಕೆಂಡಿಗೆ 15 ಕಿಲೋಮೀಟರ್ ಓಡುತ್ತಿದ್ದು, ನಕ್ಷತ್ರ 10 ಸೆಕೆಂಡ್ ಆರಿದ್ದರೆ, ನೀವಿದ್ದ ಜಾಗದ ಮೇಲೆ ಹಾದುಹೋದ ನೆರಳಿನ ಉದ್ದ 150 ಕಿಲೋಮೀಟರ್. ನಿಮ್ಮಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಲ್ಲಿರುವ ಇನ್ನೊಬ್ಬರಿಗೆ ಬೇರೆ ಉದ್ದ ಸಿಗುತ್ತದೆ. ಹೀಗೆ ಹತ್ತಾರು ಜನರ ಗೆರೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಕ್ಷುದ್ರಗ್ರಹದ ಅಂಚು ತಾನಾಗಿ ಮೂಡುತ್ತದೆ. 2013ರ ಜನವರಿಯಲ್ಲಿ ಯುರೋಪಿನಲ್ಲಿ ಹಲವಾರು ಕಡೆಗಳಿಂದ ಸಿಲ್ವಿಯಾವನ್ನು ಹೀಗೇ ಅಳೆದರು. ಕೆಲವು ಕಡೆ ರೊಮ್ಯುಲಸ್‌ನ ನೆರಳೂ ಸಿಕ್ಕಿತು. ಇದು ಸಾಧ್ಯವಾಗುವುದೂ ಕಕ್ಷೆ ನಿಖರವಾಗಿ ಗೊತ್ತಿದ್ದರೆ ಮಾತ್ರ. ನೆರಳು ಯಾವ ಊರಿನ ಮೇಲೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಮೊದಲೇ ಹೇಳಬೇಕಲ್ಲ.

ಎಲ್ಲ ಅಳತೆಗಳನ್ನೂ ಕೂಡಿಸಿದರೆ ಸಿಲ್ವಿಯಾ ಉದ್ದದಲ್ಲಿ 350 ಕಿಲೋಮೀಟರಿಗೂ ಹೆಚ್ಚು, ಅತಿ ಕಿರಿದಾದ ಕಡೆ 200ರ ಆಸುಪಾಸು. ಅದನ್ನೇ ಉಂಡೆ ಕಟ್ಟಿದರೆ ವ್ಯಾಸ ಸುಮಾರು 270 ಕಿಲೋಮೀಟರ್. ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು, ಒಂದೂವರೆ ಪಟ್ಟಿನ ಒಳಗೇ. ಸಾಮಾನ್ಯ ಬಂಡೆಯ ಸಾಂದ್ರತೆ ನೀರಿನ ಎರಡೂವರೆ ಪಟ್ಟಿಗೂ ಮೇಲೆ. ಅಂದಮೇಲೆ ಸಿಲ್ವಿಯಾ ಗಟ್ಟಿ ಬಂಡೆಯಾಗಿರಲು ಸಾಧ್ಯವಿಲ್ಲ. ಒಳಗೆ ಟೊಳ್ಳುಗಳಿರಬೇಕು, ಹಿಮವಿರಬೇಕು, ಅಥವಾ ಎರಡೂ ಇರಬೇಕು. ಆಸುಪಾಸಿನಲ್ಲಿ ಸಿಲ್ವಿಯಾದ ಕಕ್ಷೆಯನ್ನೇ ಹೋಲುವ ಕಕ್ಷೆಗಳಿರುವ ಚೂರುಗಳ ಒಂದು ಕುಟುಂಬವೇ ಇದೆ. ಬಹಳ ಹಿಂದೆ ಯಾವುದೋ ದೊಡ್ಡ ಕಾಯ ಬಂದು ಅಪ್ಪಳಿಸಿರಬೇಕು. ಚೂರುಗಳು ಚದುರಿ ಆ ಕುಟುಂಬವಾದವು, ಕೆಲವು ಬಿಟ್ಟುಹೋಗದೆ ಚಂದ್ರರಾಗಿ ನಿಂತವು ಎಂಬುದು ಈಗಿನ ತಿಳಿವಳಿಕೆ.

ನಡುವೆ ಇನ್ನೊಂದು ವಿಷಯ ಹೇಳಲೇಬೇಕು. ಪಾಗ್ಸನ್ ಅವರು 1868ರಲ್ಲಿ ಮದ್ರಾಸಿನಿಂದಲೇ ಕಂಡ ಕಮಿಲಾ ಕೂಡ ಇದೇ ಸಿಬಿಲೆ ಗುಂಪಿನದು. ಅದಕ್ಕೂ 2001ರಲ್ಲಿ ಒಂದು ಚಂದ್ರ ಸಿಕ್ಕಿತು, 2016ರಲ್ಲಿ ಇನ್ನೊಂದು ವರದಿಯಾಯಿತು. ನುಂಗಂಬಾಕ್ಕಂನ ಒಂದೇ ವೀಕ್ಷಣಾಲಯದಿಂದ, ಒಂದೇ ಜೋಡಿ ಕಣ್ಣುಗಳಿಗೆ ಬರೀ ಚುಕ್ಕಿಗಳಾಗಿ ಕಂಡ ಎರಡು ಕ್ಷುದ್ರಗ್ರಹಗಳು, ಎರಡಕ್ಕೂ ಎರಡೆರಡು ಚಂದ್ರರು.

1866ರ ಮೇ ತಿಂಗಳಿನಿಂದ ಈವರೆಗೆ ಸಿಲ್ವಿಯಾ ಸೂರ್ಯನಿಗೆ 24 ಸುತ್ತು ಹಾಕಿದೆ. 25ನೆಯದು 2028ರ ಹೊತ್ತಿಗೆ ಮುಗಿಯುತ್ತದೆ. ನಮಗೆ ಅದು ಚೆನ್ನಾಗಿ ಕಾಣುವುದಕ್ಕೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸುಮಾರು 14 ತಿಂಗಳಿಗೊಮ್ಮೆ ಭೂಮಿ ಅದಕ್ಕೂ ಸೂರ್ಯನಿಗೂ ನಡುವೆ ಬರುತ್ತದೆ. ಆ ವಾರಗಳಲ್ಲಿ ಅದು ಸೂರ್ಯಾಸ್ತಕ್ಕೆ ಉದಯಿಸಿ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. 15 ಸೆಂಟಿಮೀಟರ್ ಅಗಲದ ಕನ್ನಡಿಯಿರುವ ದೂರದರ್ಶಕ, ಚಂದ್ರನಿಲ್ಲದ ರಾತ್ರಿ, ದೀಪಗಳಿಲ್ಲದ ಜಾಗ. ಇಷ್ಟಿದ್ದರೆ ಸಾಕು.

ನಾನು ಅದನ್ನು ಮೊದಲ ಸಲ ಹುಡುಕಿದಾಗ ಮೊಬೈಲನ್ನು ಬೇಕೆಂದೇ ಆರಿಸಿ ಬದಿಗಿಟ್ಟಿದ್ದೆ. ಎಲ್ಲಿ ನೋಡಬೇಕೆಂಬುದನ್ನು ಮಾತ್ರ ಮೊದಲೇ ಬರೆದುಕೊಂಡಿದ್ದೆ. ಬಿಳಿ ಕಾಗದದ ಮೇಲೆ ಒಂದು ವೃತ್ತ ಎಳೆದು, ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ, ಕಣ್ಣಿಗೆ ಕಂಡ ಚುಕ್ಕಿಗಳನ್ನೆಲ್ಲ ಪೆನ್ಸಿಲಿನಿಂದ ಗುರುತಿಸಿದೆ. ಒಟ್ಟು ಹದಿನೇಳು. ಯಾವುದು ಸಿಲ್ವಿಯಾ ಎಂದು ನನಗೆ ತಿಳಿಯಲಿಲ್ಲ, ಎಲ್ಲವೂ ಒಂದೇ ಥರ ಇದ್ದವು. ಮರುದಿನ ಮೋಡ. ಮೂರನೆಯ ರಾತ್ರಿ ಅದೇ ಕಾಗದ ಹಿಡಿದು ಒಂದೊಂದಾಗಿ ತಾಳೆ ನೋಡುತ್ತ ಹೋದೆ. ಹದಿನಾರು ಚುಕ್ಕಿಗಳು ಬರೆದಲ್ಲೇ ಇದ್ದವು. ಬಲಗಡೆಯ ಅಂಚಿನ ಹತ್ತಿರ ಗುರುತು ಹಾಕಿದ್ದ ಒಂದರ ಜಾಗದಲ್ಲಿ ಏನೂ ಇರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ, ಇರಲಿಲ್ಲ. ದೂರದರ್ಶಕವನ್ನು ನಿಧಾನವಾಗಿ ಪಶ್ಚಿಮದ ಕಡೆಗೆ ತಿರುಗಿಸಿದೆ.